1918ಕ್ಕೇ ತಯಾರಿದ್ದ ಸೆಲ್ಫ್ ಲೋಡಿಂಗ್ ರೈಫಲ್‌ಗಳು ಯಾಕೆ ಉಳಿಯಲಿಲ್ಲ?

ತುಂಗಾತೀರ
ಮೊದಲ ಮಹಾಯುದ್ಧ ಅಂದ ತಕ್ಷಣ ಕಣ್ಮುಂದೆ ಬರೋದು ಕಂದಕದ ಕೆಸರಲ್ಲಿ ನಿಂತು ಒಂದು ಗುಂಡು ಹೊಡೆದು, ಬೋಲ್ಟ್ (ತೋಟಾ ಒಳಗೆ ತಳ್ಳಿ ಹಿಂಬದಿ ಮುಚ್ಚುವ ಚಿಲಕ) ಎಳೆದು ತಳ್ಳಿ, ಮತ್ತೊಂದು ಹೊಡೆಯುವ ಸಿಪಾಯಿ. ಆದರೆ ತನ್ನಷ್ಟಕ್ಕೆ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ರೈಫಲ್‌ಗಳು ಅಷ್ಟೊತ್ತಿಗಾಗಲೇ ಇದ್ದವು. ಮೆಕ್ಸಿಕೋದ ಮೊಂಡ್ರಾಗೋನ್ 1908ರ ಮಾಡೆಲ್. ರಷ್ಯಾದ ಫೆಡೊರೊವ್ 1916ರಲ್ಲಿ ರಣರಂಗಕ್ಕೇ ಹೋಗಿತ್ತು. ಅಮೆರಿಕದ ಪೆಡರ್ಸನ್ ಸಾಧನ 1918ರದ್ದು. ಇವತ್ತು ಇವೆಲ್ಲ ನೋಡಬೇಕು ಅಂದರೆ ಮ್ಯೂಸಿಯಂಗೇ ಹೋಗಬೇಕು.

ಹಳೇ ತಲೆಯ ಜನರಲ್‌ಗಳು ಹೊಸದನ್ನು ಒಪ್ಪಲಿಲ್ಲ ಅನ್ನೋ ವಿವರಣೆ ಎಲ್ಲೆಡೆ ಸಿಗುತ್ತೆ. ಅದು ಸಾಲದು ಅಂತ ನನಗನ್ನಿಸುತ್ತೆ. ಈ ಕೋವಿಗಳ ಹಣೆಬರಹ ಬರೆದದ್ದು ತೋಟಾ. ಯಾವ ಅಳತೆಯದ್ದು, ಗೋದಾಮಲ್ಲಿ ಎಷ್ಟಿದೆ, ಯಾವ ಕಾರ್ಖಾನೆ ಮಾಡುತ್ತೆ, ಇಷ್ಟೇ. ಗೊತ್ತಿದ್ದವರು ಸೇರಿಸಿ, ಒಪ್ಪದವರು ಜಗಳಕ್ಕೆ ಬನ್ನಿ.

ಹುಬ್ಬಳ್ಳಿ ಸಂತ್ಯಾ
ಮೊಂಡ್ರಾಗೋನ್ ಅಂದ್ರ ಊರ ಹೆಸರೋ ಮನಷ್ಯಾನ ಹೆಸರೋ? ಮೆಕ್ಸಿಕೋದಾಗ ಆ ಕಾಲಕ್ಕ ಇಂಥಾ ಕಾರ್ಖಾನಿ ಇತ್ತಂದ್ರ ನಂಬಾಕ ಆಗವಲ್ದು ನೋಡ್ರಿ.

ತುಂಗಾತೀರ
ಸಂತೋಷಣ್ಣ, ಮನುಷ್ಯನ ಹೆಸರು. ಮ್ಯಾನುಯೆಲ್ ಮೊಂಡ್ರಾಗೋನ್, ಮೆಕ್ಸಿಕೋ ಸೈನ್ಯದ ಫಿರಂಗಿ ದಳದವನು, ಆಮೇಲೆ ಜನರಲ್ ಆದ. ಕಾರ್ಖಾನೆ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಅಲ್ಲಿ ಮಾಡೋಕೆ ಆಗದೆ ಸ್ವಿಟ್ಜರ್ಲೆಂಡಿನ ಸಿಗ್ ಕಂಪನಿಗೆ 4,000 ರೈಫಲ್ ಮಾಡಿಕೊಡೋಕೆ ಹೇಳಿದರು. ಅಧ್ಯಕ್ಷ ಪೊರ್ಫಿರಿಯೊ ದಿಯಾಸ್ ಹೆಸರನ್ನೇ ಕೋವಿಗೆ ಇಟ್ಟರು. 400ರಷ್ಟು ಬಂದು ಇಳಿಯುವ ಹೊತ್ತಿಗೆ ಕ್ರಾಂತಿ ಎದ್ದು 1911ರಲ್ಲಿ ದಿಯಾಸ್ ಕುರ್ಚಿ ಹೋಯ್ತು. ಸಾಲದ್ದಕ್ಕೆ ಮೆಕ್ಸಿಕೋದಲ್ಲೇ ಮಾಡಿದ 7 ಎಂಎಂ ಮೌಸರ್ ತೋಟಾಗಳ ಗುಣಮಟ್ಟ ಆ ಕೋವಿಗೆ ಒಗ್ಗಲಿಲ್ಲ. ಉಳಿದದ್ದು ಬೇಡ ಅಂದುಬಿಟ್ಟರು.

ಮಾರಾಟವಾಗದೆ ಉಳಿದದ್ದನ್ನು ಕೊಂಡವರು ಜರ್ಮನರು. ಕಂದಕಕ್ಕೆ ಕೊಟ್ಟು ನೋಡಿದರು, ಕೆಸರು ತಡೆಯಲಿಲ್ಲ. ಆಮೇಲೆ ವಿಮಾನದಲ್ಲಿ ಕೂರುವ ವೀಕ್ಷಕರ ಕೈಗೆ ಕೊಟ್ಟರು. ಮೇಲೆ ಕೆಸರಿಲ್ಲವಲ್ಲ! ಅದಕ್ಕೆ 30 ತೋಟಾ ಹಿಡಿಯುವ ಡ್ರಮ್ ಬೇರೆ ಹಾಕಿದರು. ಮೆಷಿನ್ ಗನ್‌ಗಳು ವಿಮಾನಕ್ಕೆ ಬಂದ ಮೇಲೆ ಅಲ್ಲೂ ಕೆಲಸ ಮುಗೀತು.

ನನಗೆ ಇಷ್ಟವಾಗುವ ವಿವರ ಅದರ ಬೋಲ್ಟಿನ ಹಿಡಿಯದ್ದು. ಆ ಹಿಡಿಯಲ್ಲಿ ಒಂದು ಸಣ್ಣ ಕೊಕ್ಕೆ ಇರುತ್ತೆ. ಅದನ್ನು ಬಿಡಿಸಿದರೆ ಬೋಲ್ಟಿಗೂ, ಸಿಡಿದ ಮದ್ದಿನ ಗ್ಯಾಸ್ ಬಲದಿಂದ ಅದನ್ನು ಹಿಂದಕ್ಕೆ ತಳ್ಳುವ ಗ್ಯಾಸ್ ಪಿಸ್ಟನ್‌ಗೂ ಸಂಬಂಧ ಕಡಿದು, ಮಾಮೂಲಿ ಕೈಯಲ್ಲಿ ಎಳೆಯುವ ರೈಫಲ್ ಆಗಿಬಿಡುತ್ತೆ. ಮಾಡಿದವನಿಗೇ ತನ್ನ ಯಂತ್ರದ ಮೇಲೆ ಎಷ್ಟು ನಂಬಿಕೆ ಇತ್ತು ಅನ್ನೋದು ಅಲ್ಲೇ ಗೊತ್ತಾಗುತ್ತೆ.

ಲೇತ್ ಮಂಜಣ್ಣ
ಕೆಸರು ಕೆಸರು ಅಂತ ಎಲ್ಲರೂ ಹೇಳ್ತಾರೆ, ಒಳಗಿನ ತಾಪತ್ರಯ ಯಾರೂ ಹೇಳಲ್ಲ. ನಾನು ಮೂವತ್ತು ವರ್ಷದಿಂದ ಲೇತು, ಮಿಲ್ಲಿಂಗ್ ಮೆಷಿನ್ ಜೊತೆ ಬದುಕ್ತಿರೋನು, ಕೋವಿ ಹಿಡಿದವನಲ್ಲ. ಆದರೆ ಇದು ಶುದ್ಧ ಮೆಷಿನ್ ವಿಷಯ.

ರೈಫಲ್ ತೋಟಾ ಸಿಡಿದಾಗ, ಅದು ಕೂರುವ ಚೇಂಬರಿನ ಒಳಗೆ ಚದರ ಇಂಚಿಗೆ 40,000 ಪೌಂಡ್ ದಾಟುವ ಒತ್ತಡ. ಹಿತ್ತಾಳೆ ಕೋಶ ಉಬ್ಬಿ ಚೇಂಬರಿನ ಗೋಡೆಗೆ ಕಚ್ಚಿಕೊಳ್ಳುತ್ತೆ. ಗುಂಡು ನಳಿಕೆಯ ಬಾಯಿ ದಾಟಿದ ಮೇಲೆ ಒತ್ತಡ ಇಳಿದು, ಕೋಶ ಚೂರು ಕುಗ್ಗಿ ಸಡಿಲ ಆಗುತ್ತೆ. ಇಡ್ಲಿ ತಟ್ಟೆ ಕುಕ್ಕರಿನಿಂದ ತೆಗೆದ ಕೂಡಲೆ ಸ್ಪೂನ್ ಹಾಕಿ ಕಿತ್ತರೆ ಇಡ್ಲಿ ಹರಿದು ಅರ್ಧ ತಟ್ಟೆಯಲ್ಲೇ ಉಳಿಯುತ್ತಲ್ಲ, ಬೋಲ್ಟ್ ಅವಸರಪಟ್ಟರೆ ಇಲ್ಲೂ ಅದೇ ಗತಿ: ಕೋಶದ ಬುಡದ ಅಂಚು ಹರಿದು ಉಳಿದದ್ದು ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಕೈಯಲ್ಲಿ ಬೋಲ್ಟ್ ಎಳೆಯುವವನಿಗೆ ಈ ಚಿಂತೆ ಇಲ್ಲ. ಅವನ ಕೈ ಬೋಲ್ಟಿಗೆ ಹೋಗೋ ಹೊತ್ತಿಗೆ ಎಲ್ಲ ತಣ್ಣಗಾಗಿರುತ್ತೆ, ಬಿಗಿ ಅನ್ನಿಸಿದರೆ ಜೋರಾಗಿ ಎಳೀತಾನೆ. ತಾನೇ ಎಳೆಯುವ ಯಂತ್ರಕ್ಕೆ ಬಿಗಿ, ಸಡಿಲ ಗೊತ್ತಾಗಲ್ಲ. ಪ್ರತಿ ಸಲ ಒಂದೇ ಹೊಡೆತ, ಒಂದೇ ವೇಳೆ.

ಹಾಗಾಗಿ ಪ್ರತಿ ತೋಟಾ ಒಂದೇ ಥರ ಇರಬೇಕು. ಮದ್ದು ಹೆಚ್ಚುಕಮ್ಮಿ ಆಗಬಾರದು, ಹಿತ್ತಾಳೆ ಗಟ್ಟಿಮೆದು ಆಗಬಾರದು. ಯುದ್ಧಕಾಲದಲ್ಲಿ ಹಗಲೂ ರಾತ್ರಿ ಶಿಫ್ಟ್ ಹಾಕಿ ಕೋಟಿಗಟ್ಟಲೆ ತೋಟಾ ಉರುಳಿಸುವ ಕಾರ್ಖಾನೆಯಿಂದ ಆ ನಿಗಾ ನಿರೀಕ್ಷೆ ಮಾಡೋದು ಕಷ್ಟ. ತುಂಗಾತೀರ ಹೇಳಿದ ಮೆಕ್ಸಿಕೋ ಕತೆ ಇದೇ.

ಅರಸೀಕೆರೆ ಎಕ್ಸ್‌ಪ್ರೆಸ್
ವಿವರಣೆ ಚೆನ್ನಾಗಿದೆ ಮಂಜಣ್ಣ, ಆದರೆ ಫ್ರೆಂಚರನ್ನು ಎಲ್ಲರೂ ಮರೆತೇಬಿಟ್ಟಿರಿ. ಅವರ ಸೆಲ್ಫ್ ಲೋಡಿಂಗ್ ಕೋವಿ, 1917ರ ಆರ್‌ಎಸ್‌ಸಿ ರೈಫಲ್, ಸುಮಾರು 85,000 ತಯಾರಾಗಿ ಕಂದಕಗಳಿಗೆ ಹೋಗಿತ್ತು. 85,000 ಅಂದರೆ ಪ್ರಯೋಗ ಅಲ್ಲ, ಅದು ಪೂರೈಕೆ. ಅದೂ ಆಟೊಮ್ಯಾಟಿಕ್ ಕೋವಿಗೆ ಅತ್ಯಂತ ಕೆಟ್ಟ ತೋಟಾದಲ್ಲಿ, 8 ಎಂಎಂ ಲೆಬೆಲ್. 1886ರಲ್ಲಿ ಹೊಗೆಯಿಲ್ಲದ ಮದ್ದು ಬಂತು ಅಂತ ತರಾತುರಿಯಲ್ಲಿ ಹಳೆಯ 11 ಎಂಎಂ ಗ್ರಾಸ್ ಕೋಶವನ್ನೇ ಕಿರಿದು ಮಾಡಿ ರೂಪಿಸಿದ ತೋಟಾ ಅದು. ಬುಡ ದಪ್ಪ, ತುದಿ ಸಣ್ಣ, ಹಿಂದೆ ದೊಡ್ಡ ಅಂಚು. ಒಂದರ ಪಕ್ಕ ಒಂದು ಜೋಡಿಸಿದರೆ ನೇರ ನಿಲ್ಲದೆ ಬಾಗುತ್ತವೆ. ಶೋಶಾ ಎಂಬ ಲಘು ಮೆಷಿನ್ ಗನ್ನಿನ ಮ್ಯಾಗಜಿನ್ ಅರ್ಧಚಂದ್ರದ ಥರ ಇರೋದು ಅದಕ್ಕೇ.

ಹಾಗಾಗಿ ತೋಟಾ ಸರಿಯಿಲ್ಲದೆ ಆಗಲೇ ಇಲ್ಲ ಅನ್ನೋ ವಾದ ಪೂರ್ತಿ ನಿಲ್ಲಲ್ಲ.

ಹುಬ್ಬಳ್ಳಿ ಸಂತ್ಯಾ
ಶೋಶಾ ಅಂದ್ರ ಜಗತ್ತಿನ್ಯಾಗ ಭಾಳ ಕೆಟ್ಟ ಮೆಷಿನ್ ಗನ್ ಅಂತಾರಲ್ಲ, ಅದನರೀ?

ಅರಸೀಕೆರೆ ಎಕ್ಸ್‌ಪ್ರೆಸ್
ಅದೇ. ಗ್ಲಾಡಿಯೇಟರ್ ಅನ್ನೋ ಸೈಕಲ್ ಕಾರ್ಖಾನೆಯಲ್ಲಿ ಮಾಡಿಸಿದ್ದು. ಹೆಸರು ಕೆಟ್ಟಿದ್ದು ಎರಡು ಕಾರಣಕ್ಕೆ. ತೋಟಾ ಎಷ್ಟು ಉಳಿದಿದೆ ಅಂತ ಕಾಣಲಿ ಎಂದು ಮ್ಯಾಗಜಿನ್ನಿನ ಪಕ್ಕದಲ್ಲಿ ತೆರವು ಬಿಟ್ಟಿದ್ದರು, ಅಲ್ಲಿಂದ ಕೆಸರು ಒಳಗೆ. ಎರಡನೆಯದು, ಅಮೆರಿಕನ್ನರಿಗಾಗಿ ಅವರ .30-06 ತೋಟಾಗೆ ಬದಲಿಸಿದಾಗ ಚೇಂಬರಿನ ಅಳತೆಯನ್ನೇ ಕೆಡಿಸಿಟ್ಟರು. ಫ್ರೆಂಚ್ ತೋಟಾದಲ್ಲಿ ಅದು ತಕ್ಕಮಟ್ಟಿಗೆ ಕೆಲಸ ಮಾಡ್ತಿತ್ತು. ಎರಡು ಲಕ್ಷಕ್ಕೂ ಮೇಲೆ ತಯಾರಾದ ಆಯುಧ ಅದು, ಪೂರಾ ನಿಷ್ಪ್ರಯೋಜಕ ಆಗಿದ್ದರೆ ಅಷ್ಟು ಮಾಡ್ತಿರಲಿಲ್ಲ.

ತುಂಗಾತೀರ
ಆರ್‌ಎಸ್‌ಸಿ ಬಿಟ್ಟಿದ್ದು ಬೇಕೆಂದೇ, ಯಾಕಂದ್ರೆ ಅದು ನನ್ನ ವಾದಕ್ಕೇ ಸಾಕ್ಷಿ. ಆ ರೈಫಲ್ ಸಿಪಾಯಿಗಳೆಲ್ಲರಿಗೂ ಕೊಟ್ಟಿದ್ದಲ್ಲ, ಪ್ರತಿ ಕಂಪನಿಯಲ್ಲಿ ಗುರಿಕಾರರಾದ ಕೆಲವೇ ಮಂದಿಗೆ. ಐದು ತೋಟಾ ಹಿಡಿಯುವ ಅದರ ಕ್ಲಿಪ್ ಬೇರೆ, ಪಕ್ಕದವನ ಕೈಯಲ್ಲಿ ಎಳೆಯುವ ಬರ್ತಿಯೆ ರೈಫಲ್ಲಿನ ಕ್ಲಿಪ್ ಬೇರೆ. ತೋಟಾ ಒಂದೇ, ಆದರೆ ಸಾಲಿನಲ್ಲಿ ಪಕ್ಕ ನಿಂತವನ ಹತ್ತಿರ ಕೈ ಚಾಚಿದರೆ ಸಿಗುವುದು ನಿನ್ನ ಕೋವಿಗೆ ಹಿಡಿಸಲ್ಲ. 1918ರ ಮಾಡೆಲ್‌ನಲ್ಲಿ ಇದನ್ನು ಸರಿ ಮಾಡಿದರು, ಅಷ್ಟರಲ್ಲಿ ಯುದ್ಧ ಮುಗೀತು. 1930ರ ದಶಕದಲ್ಲಿ ಉಳಿದವುಗಳ ಗ್ಯಾಸ್ ದಾರಿ ಮುಚ್ಚಿ ಕೈಯಲ್ಲೇ ಎಳೆಯುವ ಹಾಗೆ ಮಾಡಿಬಿಟ್ಟರು. ಆಟೊಮ್ಯಾಟಿಕ್ ಆಗಿ ಹುಟ್ಟಿದ್ದಕ್ಕೆ ಹಿಂಬಡ್ತಿ!

ಫೆಡೊರೊವ್ ಕತೆ ಇನ್ನೂ ನೇರ. ವ್ಲಾದಿಮಿರ್ ಫೆಡೊರೊವ್‌ಗೆ ರಷ್ಯಾದ 7.62 ತೋಟಾ ತೀರಾ ಜೋರು, ಅಂಚು ಬೇರೆ ಅಡ್ಡಿ ಅನ್ನೋದು ಮೊದಲೇ ಗೊತ್ತಿತ್ತು. ತನ್ನದೇ 6.5 ಎಂಎಂ ತೋಟಾ ರೂಪಿಸಿದ. ಯುದ್ಧ ಶುರುವಾಗಿ ಅದನ್ನು ಮಾಡುವವರು ಯಾರೂ ಇಲ್ಲದಂತಾಯ್ತು. ಅಷ್ಟರಲ್ಲಿ ರೈಫಲ್‌ಗೆ ಬರ ಬಂದ ರಷ್ಯಾ, ಹತ್ತು ವರ್ಷದ ಹಿಂದೆ ತನ್ನನ್ನು ಸೋಲಿಸಿದ ಜಪಾನಿನಿಂದಲೇ ಅರಿಸಾಕಾ ರೈಫಲ್‌ಗಳನ್ನು ಲಕ್ಷಗಟ್ಟಲೆ ಕೊಂಡಿತ್ತು. ಜೊತೆಗೆ ಬಂದ 6.5 ಎಂಎಂ ಜಪಾನಿ ತೋಟಾ ಮೆದು, ಅಂಚೂ ಸಣ್ಣದು. ಫೆಡೊರೊವ್ ತನ್ನ ಕೋವಿಯನ್ನು ಅದಕ್ಕೇ ಹೊಂದಿಸಿದ. 25 ತೋಟಾ ಹಿಡಿಯುವ ಬಾಗಿದ ಮ್ಯಾಗಜಿನ್, ಮುಂದೆ ಕೈ ಹಿಡಿಯೋಕೆ ಒಂದು ಹಿಡಿ. ಚಿತ್ರ ನೋಡಿದರೆ 1916ರದ್ದು ಅನ್ನಿಸಲ್ಲ. ಆ ವರ್ಷದ ಡಿಸೆಂಬರಿನಲ್ಲಿ 189ನೇ ಇಜ್ಮಾಯಿಲ್ ರೆಜಿಮೆಂಟಿನ ಒಂದು ತುಕಡಿ ಇದನ್ನು ಹಿಡಿದು ರೊಮೇನಿಯಾ ಕಡೆ ಹೋಯ್ತು.

ಕ್ರಾಂತಿಯ ನಂತರವೂ ಕೊವ್ರೊವ್ ಕಾರ್ಖಾನೆಯಲ್ಲಿ 1920ರ ದಶಕದ ನಡುವಿನವರೆಗೆ ಮಾಡಿದರು, ಒಟ್ಟು ಸುಮಾರು 3,200. ನಿಲ್ಲಿಸಿದ್ದು ಯಾಕೆ? ಪರದೇಶದ ಅಳತೆಯ ತೋಟಾ ಸೈನ್ಯದಲ್ಲಿ ಇನ್ನು ಬೇಡ ಅಂತ ತೀರ್ಮಾನ ಆಯ್ತು. ಕೋವಿಯ ಮೇಲಿನ ದೂರಿನಿಂದಲ್ಲ. ಗೋದಾಮಿನಲ್ಲಿದ್ದ ಕೆಲವನ್ನು ಫಿನ್ಲೆಂಡ್ ಮೇಲಿನ ಯುದ್ಧದಲ್ಲಿ ಮತ್ತೆ ಹೊರತೆಗೆದರಂತೆ ಅಂದರೆ ಯೋಚಿಸಿ.

ಬಾಸ್ಟನ್ ಭಾಮೆ
ನಮಸ್ಕಾರ ಎಲ್ಲರಿಗೂ. ಪೆಡರ್ಸನ್ ಬಗ್ಗೆ ನಾನು ಹೇಳ್ತೀನಿ. ನಾವಿರೋ ರಾಜ್ಯದಲ್ಲೇ ಸ್ಪ್ರಿಂಗ್‌ಫೀಲ್ಡ್ ಆರ್ಮರಿ ಇದೆ, ಈಗ ಮ್ಯೂಸಿಯಂ. ನಮ್ಮೆಜಮಾನರಿಗೆ ಕೋವಿ ಕಂಡರಾಗಲ್ಲ, ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗೆ ಸುತ್ತಿದ್ದೀನಿ.

ಪೆಡರ್ಸನ್ ಮಾಡಿದ್ದು ಕೋವಿಯನ್ನಲ್ಲ, ಒಂದು ಬದಲಿ ಬೋಲ್ಟ್. ಸಿಪಾಯಿಯ ಹತ್ತಿರ ಇರೋದು ಮಾಮೂಲಿ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್. ಅದರ ಬೋಲ್ಟನ್ನು ಹಿಂದಕ್ಕೆಳೆದು ಪೂರ್ತಿ ಹೊರತೆಗೆದು ಚೀಲಕ್ಕೆ ಹಾಕಬೇಕು. ಅದೇ ಜಾಗಕ್ಕೆ ಸೊಂಟದಲ್ಲಿ ತಗಡಿನ ಒರೆಯಲ್ಲಿ ನೇತಾಡುವ ಈ ಸಾಧನ ತೂರಿಸಬೇಕು. ಅದರ ಮುಂಭಾಗವೇ ಒಂದು ಪುಟ್ಟ ನಳಿಕೆ, ರೈಫಲ್ಲಿನ ಚೇಂಬರಿನೊಳಗೆ ಹೋಗಿ ಕೂರುತ್ತೆ. ಮೇಲೆ ಬಲಕ್ಕೆ ವಾಲಿದ ಹಾಗೆ 40 ತೋಟಾದ ಉದ್ದನೆ ಮ್ಯಾಗಜಿನ್. ಖಾಲಿ ಕೋಶ ಹಾರಿಹೋಗೋಕೆ ರೈಫಲ್ಲಿನ ಎಡ ಪಕ್ಕದಲ್ಲಿ ಒಂದು ಕಿಂಡಿ ಕೊರೆದಿದ್ದಾರೆ. ಅಷ್ಟೇ ಬದಲಾವಣೆ. ಆ ಕಿಂಡಿ ಇರುವ ರೈಫಲ್ಲಿಗೆ ಮಾರ್ಕ್ 1 ಅಂತ ಹೆಸರು. ಸುಮಾರು ಒಂದು ಲಕ್ಷ ಮಾಡಿದ್ದರು.

ಆ ಪುಟ್ಟ ತೋಟಾ ಪಿಸ್ತೂಲಿನದ್ದರಷ್ಟೇ ಶಕ್ತಿಯದ್ದು. ಮಂಜಣ್ಣ ಹೇಳಿದ ಬಿಗಿ, ಸಡಿಲದ ಕಾಟವೇ ಇಲ್ಲ. ದೂರದ ಗುರಿಗೆ ರೈಫಲ್ ತೋಟಾ, ಶತ್ರುವಿನ ಕಂದಕಕ್ಕೆ ನುಗ್ಗುವಾಗ ಇದು. 1919ರ ವಸಂತದ ದಾಳಿಗೆ ಲಕ್ಷಗಟ್ಟಲೆ ಬೇಕು ಅಂತ ಲೆಕ್ಕ ಹಾಕಿ, ಗುಟ್ಟಾಗಿಡೋಕೆ ಕಾಗದಪತ್ರದಲ್ಲಿ ಇದಕ್ಕೆ 1918ರ ಮಾಡೆಲ್ಲಿನ ಪಿಸ್ತೂಲ್ ಅಂತ ಹೆಸರಿಟ್ಟರು. 1918ರ ನವೆಂಬರಿನಲ್ಲಿ ಯುದ್ಧವೇ ನಿಂತುಹೋಯ್ತು. ಒಟ್ಟು ತಯಾರಾದ ಸುಮಾರು 65,000 ಸಾಧನ ಗೋದಾಮಿಗೆ. 1930ರ ದಶಕದ ಶುರುವಿನಲ್ಲಿ ಕಳ್ಳಕಾಕರ ಕೈಗೆ ಸಿಗಬಾರದು ಅಂತ ರಾಶಿ ಹಾಕಿ ಸುಟ್ಟರು. ಅಲ್ಲಿ ಇಲ್ಲಿ ತಪ್ಪಿಸಿಕೊಂಡವು ಮಾತ್ರ ಉಳಿದಿವೆ.

ಗಾಜಿನ ಹಿಂದೆ ನೋಡುವಾಗ ಅದು ಕೋವಿಯ ಭಾಗ ಅನ್ನಿಸೋದೇ ಇಲ್ಲ, ಯಾವುದೋ ಹಳೇ ಕ್ಯಾಮೆರಾದ ಒಳಭಾಗ ಅನ್ನಬಹುದು, ಅಷ್ಟು ನಾಜೂಕು ಕೆಲಸ.

ಅರಸೀಕೆರೆ ಎಕ್ಸ್‌ಪ್ರೆಸ್
ನಾಜೂಕು ಅಂದ್ರಲ್ಲ ಅಕ್ಕಾ, ಅಲ್ಲೇ ಬಂತು ತಕರಾರು. ಕತ್ತಲೆಯಲ್ಲಿ, ಮಳೆಯಲ್ಲಿ, ತಲೆ ಮೇಲೆ ಷೆಲ್ ಬೀಳುವಾಗ ಬೋಲ್ಟ್ ಬಿಚ್ಚಿ ಚೀಲಕ್ಕೆ ಹಾಕು ಅಂದರೆ ಅರ್ಧ ಮಂದಿ ಅದನ್ನು ಕೆಸರಿಗೆ ಬೀಳಿಸ್ತಾರೆ. ಆಮೇಲೆ ಕೈಯಲ್ಲಿರೋದು ದೂರಕ್ಕೆ ಹೊಡೆಯಲಾರದ ಕೋವಿ. ಯುದ್ಧ ನಿಂತದ್ದು ಪೆಡರ್ಸನ್ ಹೆಸರಿಗೆ ಒಳ್ಳೆಯದೇ ಆಯ್ತು ಅಂತೀನಿ.

ಬಾಸ್ಟನ್ ಭಾಮೆ
ಇರಬಹುದು. ಆದರೆ ಆ ತೋಟಾ ಸಾಯಲಿಲ್ಲ. ಫ್ರೆಂಚರು ಅದನ್ನೇ ಆಧಾರ ಮಾಡಿಕೊಂಡು 7.65 ಎಂಎಂ ಲಾಂಗ್ ರೂಪಿಸಿ, ತಮ್ಮ ಎಂಎಎಸ್ 38 ಸಬ್‌ಮೆಷಿನ್ ಗನ್‌ಗೆ ಬಳಸಿದರು.

ನಿವೃತ್ತ ಸುಬೇದಾರ್
ಎಲ್ಲರ ಬರಹ ಓದಿದೆ. ಬ್ರಿಟಿಷರ ಕಡೆಯ ಮಾತು ಬರಲಿಲ್ಲ. ಅವರಿಗೆ ಈ ತಲೆನೋವು ಅಷ್ಟಾಗಿ ಇರಲಿಲ್ಲ, ಕಾರಣ ಅವರ ಕೈಯಲ್ಲಿ ಬೋಲ್ಟ್ ಎಳೆಯುವ ರೈಫಲ್, 1907ರ ಎಸ್‌ಎಂಎಲ್‌ಇ ಮಾರ್ಕ್ 3. ನಮ್ಮ ಬಾಯಲ್ಲಿ ತ್ರೀ ನಾಟ್ ತ್ರೀ (.303).

ಬೇರೆಯವರ ಮೌಸರ್‌ನಲ್ಲಿ ಬೋಲ್ಟಿನ ಬೀಗ ಮುಂದಿರುತ್ತೆ, ಇದರಲ್ಲಿ ಹಿಂದಿದೆ. ಹಾಗಾಗಿ ಎಳೆಯುವ ದೂರ ಕಮ್ಮಿ. ಹಿಡಿ ಸರಿಯಾಗಿ ಟ್ರಿಗರಿನ ಮೇಲೆ ಬರುತ್ತೆ. ಬೆರಳು ಹೆಚ್ಚು ಓಡಾಡಬೇಕಿಲ್ಲ, ಭುಜದಿಂದ ಇಳಿಸದೆಯೇ ಮುಂದಿನ ಗುಂಡು. ಮ್ಯಾಗಜಿನ್ನಿನಲ್ಲಿ ಹತ್ತು. ಯುದ್ಧಕ್ಕೆ ಮುಂಚಿನ ಪರೀಕ್ಷೆಯಲ್ಲಿ 300 ಗಜದಾಚೆಯ ಗುರಿಗೆ ಒಂದು ನಿಮಿಷದಲ್ಲಿ 15 ಗುಂಡು ಕೂರಿಸಬೇಕಿತ್ತು, ನುರಿತವರು ಅದಕ್ಕಿಂತ ಎಷ್ಟೋ ಹೆಚ್ಚು ಹೊಡೆಯುತ್ತಿದ್ದರು. ಇಷ್ಟು ಕೈಯಲ್ಲೇ ಆಗುವಾಗ ಭಾರದ, ದುಬಾರಿಯ, ಸಿಕ್ಕಿಹಾಕಿಕೊಳ್ಳುವ ಯಂತ್ರ ಯಾಕೆ ಅಂತ ಕೇಳಿದರೆ ಅದು ಹಳೇ ತಲೆಯ ಮಾತಲ್ಲ, ವ್ಯವಹಾರದ ಮಾತು.

ತೋಟಾ ವಿಷಯದಲ್ಲಿ ತುಂಗಾತೀರರ ಮಾತಿಗೆ ಒಂದು ಉದಾಹರಣೆ ನನ್ನಿಂದ. 1914ರಲ್ಲಿ ನಮ್ಮ ಇಂಡಿಯನ್ ಕೋರ್ ಮಾರ್ಸೇಲ್ಸ್‌ನಲ್ಲಿ ಇಳಿದ ಕೂಡಲೆ ಮೊದಲ ಕೆಲಸ ರೈಫಲ್ ಬದಲಿಸಿದ್ದು. ಊರಿನಿಂದ ತಂದದ್ದು ಹಳೇ ತೋಟಾಗೆ ಹೊಂದಿಸಿದ್ದು, ಅಲ್ಲಿ ಚಲಾವಣೆಯಲ್ಲಿದ್ದದ್ದು ಚೂಪುಮೂತಿಯ ಹೊಸ ಮಾರ್ಕ್ 7 ತೋಟಾ. ಪಳಗಿದ ಕೋವಿ ಒಪ್ಪಿಸಿ, ಗುರುತಿಲ್ಲದ ಕೋವಿ ಹಿಡಿದು ಆ ಸಿಪಾಯಿಗಳು ಕಂದಕಕ್ಕೆ ಇಳಿದರು.

ಕೊಪ್ಪದ ಕಿಟ್ಟಿ
ಸುಬೇದಾರ್ ಸರ್, ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ದಳದವರು ಹೈಫಾದಲ್ಲಿ (ಈಗಿನ ಇಸ್ರೇಲಿನ ಊರು) ಯಾವ ಕೋವಿ ಬಳಸಿದರು? ಕತ್ತಿ, ಭರ್ಜಿಯಲ್ಲೇ ಗೆದ್ದರು ಅಂತಾರಲ್ಲ.

ನಿವೃತ್ತ ಸುಬೇದಾರ್
ಕಿಟ್ಟಿ, ಬರಿಗೈಯಲ್ಲಿ ಹೋದರು ಅಂತ ತಿಳಿಯಬೇಡ. ಹಿಂದಿನಿಂದ ಫಿರಂಗಿಯ ಬೆಂಬಲ ಇತ್ತು. 1918ರ ಸೆಪ್ಟೆಂಬರ್ 23ರಂದು ಕಾರ್ಮೆಲ್ ಬೆಟ್ಟದ ಮೇಲಿದ್ದ ತೋಪುಗಳ ಬಾಯಿ ಮುಚ್ಚಿಸಿದ್ದು ನಮ್ಮ ಮೈಸೂರಿನವರು, ಊರಿನೊಳಕ್ಕೆ ನುಗ್ಗಿದ್ದು ಜೋಧಪುರದವರು. ಭರ್ಜಿ ಕೆಲಸ ಮಾಡಿದ್ದು ವೇಗದಿಂದ, ಎದುರಿನ ಮೆಷಿನ್ ಗನ್ ಗುರಿ ಹೊಂದಿಸಿಕೊಳ್ಳುವ ಮುಂಚೆ ಮೈಮೇಲೆ ಹೋಗಿಬಿಟ್ಟರು. ಅದೇ ತಿಂಗಳು ಅಮೆರಿಕದಲ್ಲಿ ಭಾಮಾ ಮೇಡಂ ಹೇಳಿದ ಸಾಧನದ ತಯಾರಿ ನಡೀತಿತ್ತು ಅನ್ನೋದು ನೆನಪಿರಲಿ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕ ಕಂಬ ಇದೆ, ಆ ಕಡೆ ಹೋದಾಗ ನೋಡು.

ಮಡಿಕೇರಿ ಮಂಜು
ಇಷ್ಟೊತ್ತು ಸುಮ್ಮನೆ ಓದ್ತಿದ್ದೆ. ಕೊಡಗಿನವನಾಗಿ ಒಂದು ಸೇರಿಸಲೇಬೇಕು. ನಮ್ಮಲ್ಲಿ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಐನ್‌ಮನೆಯಲ್ಲಿ (ಕುಟುಂಬದ ಮೂಲ ಮನೆ) ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್‌ಪೂ ಹೂವು ಸಿಕ್ಕಿಸಿ ಪೂಜೆ ಮಾಡ್ತೀವಿ. ಆ ಸಾಲಿನಲ್ಲಿ ಎಷ್ಟೋ ಮನೆಗಳಲ್ಲಿ .315 ರೈಫಲ್ ಇರುತ್ತೆ. ನೋಡೋಕೆ ತ್ರೀ ನಾಟ್ ತ್ರೀ ತಮ್ಮನ ಹಾಗೆ. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಮಾಡಿದ್ದು, ಯಂತ್ರವೂ ಅದರದ್ದೇ ಬಳಗ. ಆದರೆ ತೋಟಾ? ಅದು ಆಸ್ಟ್ರಿಯಾ-ಹಂಗೇರಿ ಸೈನ್ಯದ 8 ಎಂಎಂ ಮ್ಯಾನ್‌ಲಿಕರ್. 1888ರ ಸುಮಾರಿಗೆ ಹುಟ್ಟಿ, ಮೊದಲ ಮಹಾಯುದ್ಧದಲ್ಲಿ ಇಟಲಿ ಗಡಿಯ ಬೆಟ್ಟಗಳಲ್ಲಿ ಸಿಡಿದ ತೋಟಾ. ಆ ಸಾಮ್ರಾಜ್ಯ ಹೋಗಿ ನೂರು ವರ್ಷ ದಾಟಿತು, ತೋಟಾ ಭಾರತದಲ್ಲಿ ಇನ್ನೂ ತಯಾರಾಗ್ತಿದೆ.

ಕಾರಣ ಕಾನೂನು. ಸೈನ್ಯದ ತೋಟಾ ಹಿಡಿಯುವ ಕೋವಿ ಜನರ ಹತ್ತಿರ ಇರಬಾರದು ಅಂತ ಬ್ರಿಟಿಷರ ಭಯ, 1857ರಿಂದ ಬಂದದ್ದು. ಮಾರ್ಟಿನಿ-ಹೆನ್ರಿ ತೋಟಾ ಬಂಡಾಯಗಾರರ ಕೈ ಸೇರ್ತಿದೆ ಅಂತ .450 ಬೋರನ್ನೇ (ಬೋರ್ ಅಂದರೆ ನಳಿಕೆಯ ಒಳ ಅಳತೆ) ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇಲ್ಲಿಗೆ ತರೋದು ನಿಷೇಧಿಸಿದರು. ಆನೆ, ಹುಲಿ ಶಿಕಾರಿಗೆ ಬರುವ ದೊರೆಗಳಿಗೆ ಕೋವಿ ಮಾರಬೇಕಿದ್ದ ಲಂಡನ್ ಕಂಪನಿಗಳು ನಿಷೇಧ ತಪ್ಪಿಸೋಕೆ .465, .470, .475 ಅಂತ ಚೂರುಪಾರು ಬದಲಿಸಿ ಹೊಸ ತೋಟಾಗಳನ್ನೇ ಹುಟ್ಟಿಸಿದವು. .303 ಕೂಡ ಜನಸಾಮಾನ್ಯರಿಗೆ ಇವತ್ತಿಗೂ ನಿಷಿದ್ಧ ಬೋರ್. .315 ಆ ಪಟ್ಟಿಯಿಂದ ಹೊರಗೆ ಉಳಿದು ಬದುಕಿತು.

ಲೇತ್ ಮಂಜಣ್ಣ
ವಾಹ್. ಆಸ್ಟ್ರಿಯಾದವರ ತೋಟಾ, ಇಂಗ್ಲಿಷರ ಯಂತ್ರ, ಬಂಗಾಳದ ಕಾರ್ಖಾನೆ, ಕೊಡಗಿನ ಪೂಜೆ. ಮಂಜು, ಆ ಅಂಚಿನ ತೋಟಾ ಮ್ಯಾಗಜಿನ್ನಿಗೆ ತುಂಬುವಾಗ ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಲ್ವಾ?

ಮಡಿಕೇರಿ ಮಂಜು
ಅಜಾಗರೂಕತೆಯಿಂದ ತುಂಬಿದರೆ ಸಿಕ್ಕುತ್ತೆ ಅಣ್ಣ. ಮೇಲಿನ ತೋಟಾದ ಅಂಚು ಕೆಳಗಿನದ್ದರ ಮುಂದೆ ಕೂರಬೇಕು, ಇಲ್ಲಾಂದ್ರೆ ಬೋಲ್ಟ್ ತಳ್ಳಿದಾಗ ಎರಡೂ ಒಟ್ಟಿಗೆ ಬರೋಕೆ ನೋಡ್ತವೆ. .303ರಲ್ಲೂ ಇದೇ. ಅದಕ್ಕೇ ಹಿರಿಯರು ಐದೂ ತೋಟಾ ಒಂದೊಂದಾಗಿ, ಹೆಬ್ಬೆರಳಲ್ಲಿ ಹಿಂದಕ್ಕೆ ಒತ್ತಿ ನೋಡಿ ತುಂಬ್ತಾರೆ.

ಅರಸೀಕೆರೆ ಎಕ್ಸ್‌ಪ್ರೆಸ್
ಸರಿ, ತೋಟಾ ಪಕ್ಷದವರೇ ಗೆಲ್ಲುವ ಹಾಗಿದೆ. ಆದರೂ ಜನರಲ್‌ಗಳನ್ನು ಪೂರ್ತಿ ಬಿಡಬೇಡಿ. ಅಮೆರಿಕದಲ್ಲಿ ಜಾನ್ ಗರಾಂಡ್ ತನ್ನ ಸೆಲ್ಫ್ ಲೋಡಿಂಗ್ ರೈಫಲ್ಲನ್ನು .276 ಎಂಬ ಮೆದು ತೋಟಾಗೆ ಹೊಂದಿಸಿದ್ದ. ಪರೀಕ್ಷೆಯಲ್ಲೂ ಅದೇ ಮೇಲೆನಿಸಿತ್ತು. 1932ರಲ್ಲಿ ಸೇನಾ ಮುಖ್ಯಸ್ಥ ಮ್ಯಾಕ್‌ಆರ್ಥರ್ ಬಂದು .30-06ನ್ನೇ ಇಟ್ಟುಕೊಳ್ಳಿ ಅಂದ. ಒಬ್ಬ ಮನುಷ್ಯನ ಒಂದು ಆದೇಶ!

ತುಂಗಾತೀರ
ಆದೇಶಕ್ಕೆ ಕಾರಣ ಏನು ಕೊಟ್ಟ ಹೇಳಿ? ಹಳೇ ತೋಟಾದ ದಾಸ್ತಾನು ಬೆಟ್ಟದಷ್ಟಿದೆ, ಮೆಷಿನ್ ಗನ್‌ಗಳೂ ಅದನ್ನೇ ಬಳಸುತ್ತವೆ ಅಂತ. ಅದೂ ಮಹಾ ಆರ್ಥಿಕ ಕುಸಿತದ ಕಾಲ. ಜನರಲ್ ಬಾಯಲ್ಲಿ ಮಾತಾಡಿದ್ದು ಗೋದಾಮು. ಗರಾಂಡ್ ತನ್ನ ರೈಫಲ್ಲನ್ನು ಮತ್ತೆ ದೊಡ್ಡ ತೋಟಾಗೆ ತಿದ್ದಿ ಮಾಡಿ, 1936ರಲ್ಲಿ ಸೈನ್ಯಕ್ಕೆ ಸೇರಿಸಿದ. ಹತ್ತು ಹಿಡಿಯಬೇಕಿದ್ದ ಜಾಗದಲ್ಲಿ ಎಂಟು ತೋಟಾ ಆಯ್ತು, ಅಷ್ಟೇ.

ಹುಬ್ಬಳ್ಳಿ ಸಂತ್ಯಾ
ನಮ್ಮ ದೇಶದಾಗ ಹಿಂಗ ಆಗಿದ್ದ ಉದಾಹರಣಿ ಐತೇನ್ರಿ ಸುಬೇದಾರ್ ಸಾಹೇಬ್ರ? ಮಿಲಿಟರಿಯಾಗ ನೀವು ಕಣ್ಣಾರೆ ಕಂಡದ್ದು.

ನಿವೃತ್ತ ಸುಬೇದಾರ್
ಇದೆ. 1962ರ ಚೀನಾ ಯುದ್ಧದಲ್ಲಿ ನಮ್ಮವರ ಕೈಯಲ್ಲಿದ್ದದ್ದು ಅದೇ .303. ಆಮೇಲೆ 7.62 ನೇಟೊ ತೋಟಾದ ಎಸ್‌ಎಲ್‌ಆರ್, ಅಂದರೆ ಸೆಲ್ಫ್ ಲೋಡಿಂಗ್ ರೈಫಲ್, ಬಂತು. ಆದರೆ ಬೇಕಾದಷ್ಟು ಎಸ್‌ಎಲ್‌ಆರ್ ತಯಾರಾಗೋಕೆ ವರ್ಷಗಳು ಹಿಡಿದವು. ತೋಟಾ ಹೊಸದು, ಕೋವಿ ಸಾಲದು. ಆಗ ಇಶಾಪುರದವರು 1907ರ ವಿನ್ಯಾಸದ ಅದೇ ಎಸ್‌ಎಂಎಲ್‌ಇಯನ್ನು ಇನ್ನೂ ಗಟ್ಟಿ ಉಕ್ಕಿನಲ್ಲಿ, 7.62ಕ್ಕೆ ಸರಿಯಾಗಿ ಹೊಸದಾಗಿ ಮಾಡಿದರು. ಹೆಸರು 2ಎ, ನಂತರ 2ಎ1. ಹಳೇದರಿಂದ ಬೇರೆ ಮಾಡಿ ಗುರುತಿಸೋದು ಸುಲಭ: ಮ್ಯಾಗಜಿನ್ ಕೆಳಭಾಗ ಓರೆಯಿಲ್ಲದೆ ಚೌಕವಾಗಿರುತ್ತೆ. ಹಿಂದಿನ ಗುರಿಪಟ್ಟಿಯಲ್ಲಿ 2,000 ಗಜದ ಬದಲು, 2ಎ1ನಲ್ಲಿ 800 ಮೀಟರ್.

ಹೊರದೇಶದ ಸಂಗ್ರಹಕಾರರು ಈಗ ಅದನ್ನು ಹುಡುಕಿಕೊಂಡು ಕೊಳ್ತಾರೆ. ನಮ್ಮಲ್ಲಿ ಎಷ್ಟೋ ಠಾಣೆಗಳಲ್ಲಿ ಕಾವಲಿಗೆ ನಿಂತ ಪೇದೆಯ ಹೆಗಲ ಮೇಲೆ ಇರ್ತಿತ್ತು, ಯಾರೂ ತಿರುಗಿ ನೋಡ್ತಿರಲಿಲ್ಲ. ಉತ್ತರ ಪ್ರದೇಶ ಪೊಲೀಸರು .303ಗೆ 2020ರ ಗಣರಾಜ್ಯೋತ್ಸವದಂದು ವಿದಾಯ ಹೇಳಿದರು.

ಕೊಪ್ಪದ ಕಿಟ್ಟಿ
ಸರ್, ಬ್ಯಾಂಕಿನ ಸೆಕ್ಯುರಿಟಿಯವರ ಕೈಯಲ್ಲಿ ತ್ರೀ ನಾಟ್ ತ್ರೀ ಥರದ್ದೇ ಒಂದು ನೋಡಿದ್ದೆ, ಆದರೆ ನಳಿಕೆ ತೂತು ದೊಡ್ಡದಿತ್ತು. ಅದೂ ಇದೇನಾ?

ನಿವೃತ್ತ ಸುಬೇದಾರ್
ಅದು .410 ಮಸ್ಕೆಟ್ ಇರಬೇಕು. ಎಸ್‌ಎಂಎಲ್‌ಇಯ ನಳಿಕೆಯನ್ನು ಒಳಗೆ ನುಣ್ಣಗೆ ಕೊರೆದು, ಮ್ಯಾಗಜಿನ್ ಜಾಗಕ್ಕೆ ಮರದ ತುಂಡು ಕೂರಿಸಿ, ಒಂದು ಸಲಕ್ಕೆ ಒಂದೇ ತೋಟಾ ಹಿಡಿಯುವ ಹಾಗೆ ಮಾಡಿದ್ದು. ಕಾವಲಿನವರಿಗೆ, ಜೈಲಿನವರಿಗೆ ಅಂತ ಬ್ರಿಟಿಷರ ಕಾಲದಲ್ಲೇ ಶುರುವಾದದ್ದು. ಯಾರಾದರೂ ಕಸಿದುಕೊಂಡು ಹೋದರೂ ಸೈನ್ಯದ ತೋಟಾ ಅದರಲ್ಲಿ ಹೊಡೆಯೋಕೆ ಆಗಬಾರದು, ಅಷ್ಟೇ ಉದ್ದೇಶ. ಮುಂದಿನ ಸಲ ಬ್ಯಾಂಕಿಗೆ ಹೋದಾಗ ಕೆಳಗಿನಿಂದ ನೋಡು, ಮ್ಯಾಗಜಿನ್ ತಗಡಿನ ಬದಲು ಒಳಗೆ ಮರ ಕಂಡರೆ ಅದೇ. ಮುಟ್ಟೋಕೆ ಮಾತ್ರ ಹೋಗಬೇಡ ಮಾರಾಯ, ಕಾವಲಿನವರು ಬೈದಾರು.